ವಾರಕ್ಕೆ 48 ಗಂಟೆ, ಸರಾಸರಿಯಲ್ಲಿ

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ, ಹೊರದೇಶದ ಡಾಕ್ಟರುಗಳಿಗಿರುವ ಪ್ಲಾಬ್ ಪರೀಕ್ಷೆ ಪಾಸಾಗಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆ ಸೇರಿದವರಿಗೆ ಮೊದಲ ವಾರವೇ ಪರಿಚಯವಾಗುವ ಪದ ರೋಟಾ. ಯಾರಿಗೆ ಹಗಲು, ಯಾರಿಗೆ ರಾತ್ರಿ, ಯಾರಿಗೆ ರಜೆ ಅಂತ ಹೇಳುವ ಪಟ್ಟಿ. ನಾವು ಡ್ಯೂಟಿ ಲಿಸ್ಟ್ ಅಂತೀವಲ್ಲ, ಅದೇ. ಆದರೆ ಅಲ್ಲಿ ಆ ಪಟ್ಟಿಯ ಬೆನ್ನಿಗೆ ಒಂದು ಕಾನೂನಿದೆ, ಒಂದು ಸಾಫ್ಟ್‌ವೇರ್ ಇದೆ, ಮೂವತ್ತು ವರ್ಷ ದಾಟಿದ ಜಗಳವೂ ಇದೆ. ಎಲ್ಲ ಮಿತಿಯೊಳಗೇ ಇದೆ ಅಂತ ಸಾಫ್ಟ್‌ವೇರ್ ತೋರಿಸುತ್ತದೆ. ನಿದ್ದೆಯೇ ಆಗಿಲ್ಲ ಅಂತ ಡಾಕ್ಟರು ಹೇಳುತ್ತಾರೆ. ಎರಡೂ ನಿಜ ಇರಬಹುದು, ಗೊಂದಲ ಇರುವುದೇ ಅಲ್ಲಿ.

1948ರಲ್ಲಿ ಎನ್‌ಎಚ್‌ಎಸ್ ಶುರುವಾದ ಮೇಲೆ ನಲವತ್ತು ವರ್ಷ ಕಿರಿಯ ಡಾಕ್ಟರುಗಳು, ಅಂದರೆ ಇನ್ನೂ ತರಬೇತಿಯಲ್ಲಿರುವವರು, ಆಸ್ಪತ್ರೆಯಲ್ಲೇ ಉಂಡು ಮಲಗಿ ದುಡಿದರು. ವಾರಕ್ಕೆ ನೂರು ಗಂಟೆ ದಾಟಿದರೂ ಅದು ಕಲಿಕೆಯ ಭಾಗ ಅಂತಲೇ ನಡೆದುಹೋಯಿತು. 1991ರಲ್ಲಿ ಸರ್ಕಾರ ಮತ್ತು ಡಾಕ್ಟರುಗಳ ನಡುವೆ ನ್ಯೂ ಡೀಲ್ ಅನ್ನುವ ಒಪ್ಪಂದ ಆಯಿತು. ಆನ್ ಕಾಲ್ (ಕರೆದರೆ ಬರಲು ಸಿದ್ಧವಾಗಿರುವ ಹೊತ್ತು) ಸೇರಿ ವಾರಕ್ಕೆ 72 ಗಂಟೆ ಮೀರಬಾರದು, ಅದರಲ್ಲಿ ನಿಜವಾದ ಕೆಲಸ 56 ಗಂಟೆ ಮೀರಬಾರದು ಅಂತ. ಒಪ್ಪಂದವೇನೋ ಚೆನ್ನಾಗಿತ್ತು, ಆದರೆ ಮೀರಿದರೆ ಕೇಳುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದ್ದು 2000ದ ಡಿಸೆಂಬರ್‌ನಲ್ಲಿ, ಸಂಬಳದ ಮೂಲಕ.

ಅವತ್ತಿನಿಂದ ಪ್ರತಿ ರೋಟಾಗೂ ಒಂದು ಬ್ಯಾಂಡ್, ಅಂದರೆ ಭತ್ಯೆಯ ದರ್ಜೆ, ಬಂತು. ಮಿತಿ ಮೀರಿದ ರೋಟಾ ಅಂದರೆ ಬ್ಯಾಂಡ್ 3. ಎರಡು ವರ್ಷದಲ್ಲಿ ಬ್ಯಾಂಡ್ 3ರ ಭತ್ಯೆ ಮೂಲ ಸಂಬಳದ ಶೇ. 100ಕ್ಕೆ ಏರಿತು, ಅಂದರೆ ದುಪ್ಪಟ್ಟು ಸಂಬಳ. ವರ್ಷಕ್ಕೆ ಎರಡು ಸಲ, ಎರಡೆರಡು ವಾರ, ಡಾಕ್ಟರುಗಳು ಯಾವಾಗ ಬಂದೆ, ಯಾವಾಗ ಹೋದೆ, ರಾತ್ರಿ ಎಷ್ಟು ವಿಶ್ರಾಂತಿ ಸಿಕ್ಕಿತು ಅಂತ ಬರೆದು ಕೊಡಬೇಕಿತ್ತು. ಶೇ. 75ರಷ್ಟು ಡಾಕ್ಟರುಗಳಾದರೂ ಬರೆದು ಕೊಡದಿದ್ದರೆ ಆ ಲೆಕ್ಕ ನಿಲ್ಲುತ್ತಿರಲಿಲ್ಲ. ಇಷ್ಟೆಲ್ಲ ಕೈಯಲ್ಲಿ ಕೂಡಿ ಕಳೆಯಲು ಆಗುತ್ತದೆಯೇ? ಎಕ್ಸೆಲ್ ಹಾಳೆಗಳು ಬಂದವು, ಆಮೇಲೆ ಡಿಆರ್‌ಎಸ್‌ನಂಥ ರೋಟಾ ಸಾಫ್ಟ್‌ವೇರ್ ಬಂತು. ರೋಟಾ ತುಂಬಿದರೆ ಅದು ಯಾವ ಬ್ಯಾಂಡ್, ಯಾವ ನಿಯಮ ಮುರಿದಿದೆ ಅಂತ ತಕ್ಷಣ ಹೇಳುತ್ತಿತ್ತು. ಶುರುವಿನಿಂದಲೂ ಅದಕ್ಕೆ ಕೇಳಿದ ಪ್ರಶ್ನೆ ಒಂದೇ, ಈ ರೋಟಾ ಪಾಸೋ ಫೇಲೋ. ಈ ಕೆಲಸಕ್ಕೆ ಎಷ್ಟು ಜನ ಬೇಕು ಅನ್ನುವ ಪ್ರಶ್ನೆ ಪಕ್ಕಕ್ಕೆ ಉಳಿಯಿತು.

ಅದೇ ಹೊತ್ತಿಗೆ ಯುರೋಪಿನ ಕಾನೂನೂ ಹತ್ತಿರ ಬರುತ್ತಿತ್ತು. 1993ರ ಕೆಲಸದ ಅವಧಿಯ ನಿರ್ದೇಶನವನ್ನು ಬ್ರಿಟನ್ 1998ರಲ್ಲಿ ಜಾರಿಗೆ ತಂದಿತ್ತು, ಆದರೆ ತರಬೇತಿಯಲ್ಲಿದ್ದ ಡಾಕ್ಟರುಗಳನ್ನು ಹೊರಗಿಟ್ಟಿತ್ತು. 2000ದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. 2004ರ ಆಗಸ್ಟ್‌ನಿಂದ ವಾರಕ್ಕೆ 58 ಗಂಟೆ, 2007ರಿಂದ 56, 2009ರಿಂದ 48. ಇದರ ನಡುವೆ ಯುರೋಪಿನ ನ್ಯಾಯಾಲಯ ಎರಡು ತೀರ್ಪು ಕೊಟ್ಟಿತು. 2000ದಲ್ಲಿ ಸ್ಪೇನಿನ ಸಿಮಾಪ್ ಪ್ರಕರಣ, 2003ರಲ್ಲಿ ಜರ್ಮನಿಯ ಯೇಗರ್ ಪ್ರಕರಣ. ಆಸ್ಪತ್ರೆಯೊಳಗೇ ಇರಬೇಕಾದ ಆನ್ ಕಾಲ್ ಪೂರ್ತಿ ಕೆಲಸವೇ, ಅಲ್ಲಿ ಮಲಗಿದ್ದರೂ ಕೆಲಸವೇ. ಈ ಒಂದು ಮಾತಿನಿಂದ ಹಳೆಯ ಆನ್ ಕಾಲ್ ರೋಟಾಗಳು ಬಿದ್ದುಹೋದವು. ಎಲ್ಲ ಕಡೆ ಶಿಫ್ಟ್ ಬಂತು.

ನೀವೇ ಒಂದು ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರಾದರೂ ಡಾಕ್ಟರು ಸದಾ ಇರಬೇಕು. 48ರಿಂದ ಭಾಗಿಸಿದರೆ ಮೂರೂವರೆ ಜನ. ಅವರ ವಾರ್ಷಿಕ ರಜೆ, ಓದಿನ ರಜೆ ಸೇರಿಸಿದರೆ ನಾಲ್ಕು ದಾಟುತ್ತದೆ. ಒಬ್ಬರು ಹೋಗುವ ಮೊದಲು ಇನ್ನೊಬ್ಬರಿಗೆ ರೋಗಿಗಳ ವಿಷಯ ಒಪ್ಪಿಸಬೇಕು, ಅದಕ್ಕೆ ಅರ್ಧ ಗಂಟೆ. ಇದು ಸುಮ್ನೆ ಒಬ್ಬರು ಅಲ್ಲಿರಲು. ಹಗಲಿನ ವಾರ್ಡ್ ಕೆಲಸ, ಕ್ಲಿನಿಕ್, ಆಪರೇಷನ್ ಕಲಿಯುವುದು, ಪಾಠ ಎಲ್ಲ ಇನ್ನೂ ಬಾಕಿ. ಅದಕ್ಕೇ ಎಂಟು ಜನರಿಗಿಂತ ಕಡಿಮೆ ಇದ್ದರೆ ಶಿಫ್ಟ್ ರೋಟಾ ನಿಲ್ಲುವುದಿಲ್ಲ ಅನ್ನುತ್ತಾರೆ ರೋಟಾ ಮಾಡುವವರು. ಆರು ಜನ ಇದ್ದ ಕಡೆ ಏನು ಮಾಡಿದರು? ಒಬ್ಬರಿಗೊಂದರಂತೆ ಎಂಟು ಸಾಲಿನ ರೋಟಾ ಬರೆದು ಎರಡು ಸಾಲು ಖಾಲಿ ಬಿಟ್ಟು, ಲೋಕಮ್ (ತಾತ್ಕಾಲಿಕ ಬದಲಿ ಡಾಕ್ಟರು) ಹುಡುಕಿದರು. ಪರದೆಯ ಮೇಲೆ ಆ ಎಂಟು ಸಾಲೂ ನಿಯಮದೊಳಗೇ ಇರುತ್ತವೆ. ಲೋಕಮ್ ಸಿಗದ ರಾತ್ರಿ ಆ ಖಾಲಿ ಸಾಲಿನ ಕೆಲಸ ಯಾರ ಮೇಲೆ ಬೀಳುತ್ತದೆ ಅನ್ನುವುದು ಅಲ್ಲಿ ಕಾಣುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ನೋವಿನದು. ದಿನಕ್ಕೆ 11 ಗಂಟೆ ಬಿಡುವು ಕೊಡಬೇಕು ಅಂತ ಕಾನೂನು. 24ರಲ್ಲಿ 11 ಕಳೆದರೆ 13. ಹಾಗಾಗಿ 13 ಗಂಟೆಯ ಶಿಫ್ಟ್ ಸಾಮಾನ್ಯವಾಯಿತು. ವಾರದ ರಜೆಯನ್ನು ಎರಡು ವಾರಕ್ಕೊಮ್ಮೆ ಒಟ್ಟಿಗೆ ಕೊಡಬಹುದು ಅಂತ ಇತ್ತು. ಹಾಗಾಗಿ ಸಾಲಾಗಿ ಏಳು ರಾತ್ರಿ ಹಾಕಿದರು. ಏಳು ಸಲ 13 ಅಂದರೆ 91 ಗಂಟೆ. ಮುಂದಿನ ವಾರ ಪೂರ್ತಿ ರಜೆ. ಎರಡು ವಾರದ ಸರಾಸರಿ 45.5! ಲೆಕ್ಕ ಪಾಸ್. ಕಾನೂನಂತೂ ಈ ಡಾಕ್ಟರುಗಳ ಸರಾಸರಿಯನ್ನು 26 ವಾರಕ್ಕೆ ತೆಗೆಯಲು ಬಿಟ್ಟಿದೆ. ಏಳನೇ ರಾತ್ರಿ ಬೆಳಗಿನ ನಾಲ್ಕು ಗಂಟೆಗೆ ಡ್ರಿಪ್‌ನಲ್ಲಿ ಔಷಧಿಯ ಪ್ರಮಾಣ ಲೆಕ್ಕ ಹಾಕುವವರಿಗೆ 26 ವಾರದ ಸರಾಸರಿಯಿಂದ ಯಾವ ಪ್ರಯೋಜನವೂ ಇಲ್ಲ. ಇದು ಅಪಾಯ, ಏಳು ರಾತ್ರಿ ಹಾಕಬೇಡಿ ಅಂತ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ 2006ರಲ್ಲೇ ಹೇಳಿತು. ಸಾಲಾಗಿ ನಾಲ್ಕೇ ರಾತ್ರಿ ಅನ್ನುವ ಮಿತಿ ಇಂಗ್ಲೆಂಡಿನ ಕಿರಿಯ ಡಾಕ್ಟರುಗಳ ಒಪ್ಪಂದದೊಳಗೆ ಬರಲು 2016 ಆಗಬೇಕಾಯಿತು.

ಆ 2016ರ ಒಪ್ಪಂದ ಮುಷ್ಕರಗಳ ನಡುವೆ ಬಂದದ್ದು, ಅದರ ಜಗಳ ಬೇರೆಯೇ ಕಥೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಎರಡು. ಯಾವ 168 ಗಂಟೆ ತೆಗೆದುಕೊಂಡರೂ ಕೆಲಸ 72 ಗಂಟೆ ಮೀರಬಾರದು, ಅಂದರೆ ಸರಾಸರಿಯ ಮರೆ ಹೋಯಿತು. ಹೆಚ್ಚು ಹೊತ್ತು ನಿಂತರೆ ಅವತ್ತೇ ಸಾಫ್ಟ್‌ವೇರ್‌ನಲ್ಲಿ ಎಕ್ಸೆಪ್ಷನ್ ರಿಪೋರ್ಟ್ ಹಾಕಬಹುದು. ಅದನ್ನು ನೋಡಲು ಗಾರ್ಡಿಯನ್ ಅಂತ ಒಬ್ಬರಿದ್ದಾರೆ, ಕೆಲವು ಮಿತಿ ಮುರಿದರೆ ದಂಡ ಹಾಕುತ್ತಾರೆ. ವರ್ಷಕ್ಕೆ ಎರಡು ಸಲದ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು. ಆದರೆ ರಿಪೋರ್ಟ್ ಹಾಕಬೇಕಾದವರು ಅದೇ ದಣಿದ ಡಾಕ್ಟರು, ನಾಳೆ ಶಿಫಾರಸು ಪತ್ರ ಬರೆಯುವ ಮೇಲಿನವರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಇರುತ್ತದೆ ಅಲ್ವಾ? ಹಾಕದ ರಿಪೋರ್ಟ್ ಲೆಕ್ಕಕ್ಕೆ ಬರುವುದಿಲ್ಲ.

ಇರುವ ಜನರನ್ನು ಗಂಟೆಗಳಿಗೆ ಹಂಚುವುದು ಒಂದು ಕೆಲಸ. ಎಷ್ಟು ಜನರನ್ನು ತಯಾರು ಮಾಡಬೇಕು ಅಂತ ಹತ್ತು ವರ್ಷ ಮುಂಚೆ ಯೋಚಿಸುವುದು ಇನ್ನೊಂದು. ಮೊದಲನೆಯದಕ್ಕೆ ಉಪಕರಣ ಬೇಗ ಬಂತು. ಎರಡನೆಯದಕ್ಕೆ ಇಂಗ್ಲೆಂಡಿನ ಎನ್‌ಎಚ್‌ಎಸ್ ದೀರ್ಘಾವಧಿಯ ಸಿಬ್ಬಂದಿ ಯೋಜನೆ ಪ್ರಕಟಿಸಿದ್ದು 2023ರ ಜೂನ್‌ನಲ್ಲಿ. ಮೆಡಿಕಲ್ ಸೀಟುಗಳನ್ನು 2031ರ ಹೊತ್ತಿಗೆ 15,000ಕ್ಕೆ ಏರಿಸುವ ಗುರಿ ಅದರಲ್ಲಿತ್ತು. 48 ಗಂಟೆಯ ಮಿತಿ ಬಂದು ಆಗಲೇ ಹದಿನಾಲ್ಕು ವರ್ಷ ಆಗಿತ್ತು. ನಡುವಿನ ಕೊರತೆ ತುಂಬಿದವರಲ್ಲಿ ನಮ್ಮ ಕಡೆಯಿಂದ ಹೋದ ಡಾಕ್ಟರುಗಳೂ ಇದ್ದಾರೆ.

ಅವರು ಬಿಟ್ಟು ಹೋದ ಕಡೆಯೂ ಮಿತಿ ಇಲ್ಲದೇ ಇಲ್ಲ. ರೆಸಿಡೆಂಟ್ ಡಾಕ್ಟರಿಗೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಕೇಂದ್ರ ಆರೋಗ್ಯ ಇಲಾಖೆಯ ಪತ್ರ ಬಂದದ್ದು 1992ರ ಜೂನ್ 5ರಂದು, ಯುರೋಪಿನ ನಿರ್ದೇಶನಕ್ಕಿಂತ ಒಂದು ವರ್ಷ ಮೊದಲು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಅಂತ ಶಿಫಾರಸು ಮಾಡಿತು. 48ನ್ನು ಬಿಟ್ಟು 74ನ್ನು ಕೇಳಬೇಕಾಗಿ ಬಂತು. ಪಿಜಿ ಹುಡುಗ ಹುಡುಗಿಯರ ಡ್ಯೂಟಿ ಲಿಸ್ಟ್ ಈಗಲೂ ಎಷ್ಟೋ ಕಡೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಆಗಿ ಬರುತ್ತದೆ. ಅದರಲ್ಲಿ ಡ್ಯೂಟಿ ಶುರುವಾಗುವ ಹೊತ್ತು ಇರುತ್ತದೆ, ಮುಗಿಯುವ ಹೊತ್ತು ಇರುವುದಿಲ್ಲ.