ಎಡ್ವಿನ್ ಮೋಸೆಸ್ ಮತ್ತು 13 ಹೆಜ್ಜೆಯ ಲೆಕ್ಕ

ಮೋಸೆಸ್ ಹುಟ್ಟಿದ್ದು 1955ರಲ್ಲಿ, ಅಮೆರಿಕದ ಡೇಟನ್‌ನಲ್ಲಿ. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿಗೆ ಸೇರಿದ್ದು ಓದಿನ ಸ್ಕಾಲರ್‌ಶಿಪ್ ಮೇಲೆ, ಓಟದ್ದಲ್ಲ. ಕಲಿತದ್ದು ಭೌತಶಾಸ್ತ್ರ. ಆ ಕಾಲೇಜಿಗೆ ಸ್ವಂತ ಟ್ರ್ಯಾಕೇ ಇರಲಿಲ್ಲ. ಅಂಥವರು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸನ್ನು, ಅಂದರೆ ದಾರಿಯಲ್ಲಿ ಇಟ್ಟ ಅಡ್ಡಪಟ್ಟಿಗಳನ್ನು ಜಿಗಿದು ದಾಟುತ್ತ ಓಡುವ ಓಟವನ್ನು, 47.64 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅದು ವಿಶ್ವದಾಖಲೆ. ಎರಡನೆಯವರು ಒಂದು ಸೆಕೆಂಡಿಗಿಂತ ಜಾಸ್ತಿ ಹಿಂದಿದ್ದರು.

ಆಗ ಹೆಚ್ಚಿನವರು ಎರಡು ಹರ್ಡಲ್ ನಡುವೆ 14 ಅಥವಾ 15 ಹೆಜ್ಜೆ ಹಾಕುತ್ತಿದ್ದರು. ಮೋಸೆಸ್ ಮಾತ್ರ ಕೊನೆಯವರೆಗೂ 13. ಒಂದು ಹೆಜ್ಜೆ ಉಳಿದರೆ ಏನು ಮಹಾ ಲಾಭ? ನಾನು ತುಂಬಾ ಹೊತ್ತು ಸಿಕ್ಕಿಕೊಂಡದ್ದು ಇಲ್ಲೇ.

ಹರ್ಡಲ್‌ಗಳ ನಡುವಿನ ದೂರ 35 ಮೀಟರ್. ನಾನು ಸುಮ್ನೆ 35ನ್ನು 13ರಿಂದ ಭಾಗಿಸಿದ್ದೆ. ಅದು ತಪ್ಪು. ಹರ್ಡಲ್ ದಾಟುವ ಜಿಗಿತವೇ ಮೂರು ಮೀಟರಿಗೂ ಜಾಸ್ತಿ ನುಂಗುತ್ತದೆ. ಉಳಿದ ಸುಮಾರು 32 ಮೀಟರನ್ನು ಭಾಗಿಸಬೇಕು. ಆಗ ಒಂದು ಹೆಜ್ಜೆ ಸುಮಾರು 2.45 ಮೀಟರ್.

ಈಗ ಕಾಲಿನ ಲೆಕ್ಕ. ಎಡಗಾಲು ಮುಂದಿಟ್ಟು ಹರ್ಡಲ್ ದಾಟಿದಿರಿ ಅನ್ನಿ. ನೆಲ ಮುಟ್ಟುವುದೂ ಎಡಗಾಲೇ. ಅದನ್ನು ಸೊನ್ನೆ ಅಂತ ಎಣಿಸಿ. ಒಂದನೇ ಹೆಜ್ಜೆ ಬಲ, ಎರಡನೇದು ಎಡ, ಮೂರನೇದು ಬಲ. ಬೆಸ ಸಂಖ್ಯೆಯೆಲ್ಲ ಬಲಗಾಲು, ಅಲ್ವಾ? ಹಾಗಾಗಿ 13ನೇದೂ ಬಲ. ಬಲಗಾಲಲ್ಲಿ ಚಿಮ್ಮಿದರೆ ಮತ್ತೆ ಎಡಗಾಲೇ ಮುಂದೆ. 14 ಹಾಕಿದರೆ ಎಡಗಾಲಲ್ಲಿ ಚಿಮ್ಮಬೇಕು, ಬಲಗಾಲು ಮುಂದೆ ಬರುತ್ತದೆ. ಅಂದರೆ ಪ್ರತಿ ಹರ್ಡಲ್‌ಗೂ ಕಾಲು ಬದಲು. 15ರಲ್ಲಿ ಕಾಲು ಬದಲಾಗುವುದಿಲ್ಲ, ಆದರೆ ಹೆಜ್ಜೆ ಗಿಡ್ಡ. ಉದ್ದ ಹೆಜ್ಜೆ, ಒಂದೇ ಕಾಲು ಎರಡೂ ಕೂಡಿಬರುವುದು 13ರಲ್ಲಿ. ತಿರುವಿನಲ್ಲಿ ಎಡಗಾಲು ಮುಂದಿದ್ದರೆ ಇನ್ನೂ ಒಳ್ಳೆಯದು, ಲೇನಿನ ಒಳಗೆರೆಗೆ ಹತ್ತಿರವಾಗಿ ಓಡಬಹುದು. ಒಂಬತ್ತನೇ ಹರ್ಡಲ್ ಹೊತ್ತಿಗೆ ಕಾಲು ಸೋತಿರುತ್ತದೆ. ಆಗಲೂ 13ನ್ನೇ ಉಳಿಸಿಕೊಂಡರಲ್ಲ, ನನಗೆ ಅವರ ದೊಡ್ಡತನ ಕಾಣುವುದು ಅಲ್ಲಿ.

ಉಳಿದದ್ದು ಬೇಗ ನೆನಪಿರುತ್ತದೆ. 1977ರಿಂದ 1987ರವರೆಗೆ ಸತತ 122 ಓಟಗಳಲ್ಲಿ ಗೆಲುವು. 1980ರ ಮಾಸ್ಕೋ ಒಲಿಂಪಿಕ್ಸ್ ಅಮೆರಿಕದ ಬಹಿಷ್ಕಾರದಿಂದ ಕೈತಪ್ಪಿತು. 1983ರಲ್ಲಿ, ತಮ್ಮ 28ನೇ ಹುಟ್ಟುಹಬ್ಬದಂದೇ, 47.02ರ ವಿಶ್ವದಾಖಲೆ. 1984ರ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಚಿನ್ನ. 1988ರ ಸಿಯೋಲ್‌ನಲ್ಲಿ ಕಂಚು. ಆಗ ಅವರಿಗೆ 33 ವರ್ಷ, ಓಡಿದ್ದು 47.56ರಲ್ಲಿ. ಮಾಂಟ್ರಿಯಲ್‌ನಲ್ಲಿ ಚಿನ್ನ ತಂದ ಓಟಕ್ಕಿಂತ ಅದು ವೇಗ.