ಇರಾನಿನ ಟ್ಯಾಕ್ಸಿಯವರು ‘ದುಡ್ಡು ಬೇಡ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ಇರಾನಿಗೆ ಹೊರಟಿದ್ದೇನೆ. ಅಲ್ಲಿ ಟ್ಯಾಕ್ಸಿಯವರು, ಅಂಗಡಿಯವರು ದುಡ್ಡೇ ಬೇಡ ಅನ್ನುತ್ತಾರಂತೆ. ನಿಜಾನಾ?

ಉತ್ತರ: ಅನ್ನುವುದು ನಿಜ. ಆದರೂ ದುಡ್ಡು ಕೊಡಲೇಬೇಕು!

ಫಾರ್ಸಿಯಲ್ಲಿ ಇದಕ್ಕೆ ‘ತಾರೋಫ್’ ಅನ್ನುತ್ತಾರೆ. ಶಿರಾಜಿನಲ್ಲಿ ಟ್ಯಾಕ್ಸಿ ಇಳಿದು ಎಷ್ಟಾಯ್ತು ಅಂತ ಕೇಳುತ್ತೀರಿ. ಡ್ರೈವರ್ ಎದೆ ಮೇಲೆ ಕೈಯಿಟ್ಟು ‘ಗಾಬೆಲ್ ನದಾರೆ’ ಅನ್ನುತ್ತಾನೆ. ನಿಮ್ಮ ಮುಂದೆ ಇದೆಲ್ಲ ಯಾವ ಲೆಕ್ಕ ಅಂತ. ನೀವು ಥ್ಯಾಂಕ್ಸ್ ಹೇಳಿ ನಡೆದುಬಿಟ್ಟರೆ ಪಾಪ, ಅವನ ಗತಿ? ಇನ್ನೊಂದು ಸಲ ಕೇಳಿ, ಮತ್ತೊಂದು ಸಲ ಕೇಳಿ. ರೇಟು ಬಾಯಿಗೆ ಬರುತ್ತದೆ.

ಬಂದ ಮೇಲೆ ಇನ್ನೊಂದು ಗೊಂದಲ. ಜನ ಮಾತಾಡುವುದು ತೊಮಾನಿನಲ್ಲಿ, ಅಧಿಕೃತ ಹಣ ರಿಯಾಲ್. 1 ತೊಮಾನ್ ಅಂದರೆ 10 ರಿಯಾಲ್. ಸಾಲದ್ದಕ್ಕೆ ‘ಸಾವಿರ’ವನ್ನು ಮಾತಿನಲ್ಲೇ ನುಂಗುತ್ತಾರೆ. ಐವತ್ತು ಅಂದರೆ ಎಷ್ಟೋ ಸಲ ಐವತ್ತು ಸಾವಿರ.

ತಾರೋಫ್ ಸುಳ್ಳಲ್ಲ, ಮರ್ಯಾದೆ. ‘ಊಟ ಮಾಡ್ಕೊಂಡೇ ಹೋಗಿ’ ಅಂದರೆ ನಾವೂ, ಹೊಟ್ಟೆ ಚುರುಗುಟ್ಟುತ್ತಿದ್ದರೂ, ‘ಅಯ್ಯೋ, ಈಗ ತಾನೇ ಆಯ್ತು’ ಅಂತೀವಿ ಅಲ್ವಾ? ಅಲ್ಲಿ ಅದು ಗಲ್ಲಾಪೆಟ್ಟಿಗೆಯವರೆಗೂ ಬಂದಿದೆ, ಅಷ್ಟೆ.

ಮನೆಗೆ ಕರೆದರೆ ಮಾತ್ರ ಸ್ವಲ್ಪ ಜಾಣತನ ಬೇಕು. ಎರಡು ಮೂರು ಸಲ ಬೇಡ ಅನ್ನಿ. ಆಮೇಲೂ ಬಿಡದೆ ಯಾವ ದಿನ, ಎಷ್ಟು ಗಂಟೆಗೆ ಅಂತ ಕೇಳಿ ಫೋನ್ ನಂಬರ್ ತೆಗೆದುಕೊಂಡರೆ ಕರೆ ನಿಜವಾದದ್ದೇ. ಹೋಗಿ. ಬರಿಗೈಯಲ್ಲಿ ಬೇಡ, ಒಂದು ಡಬ್ಬಿ ಸ್ವೀಟ್ ಇರಲಿ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ನಮ್ಮಂತೆ.

ಮೊದಲು ಬರುವುದು ಪುಟ್ಟ ಗಾಜಿನ ಲೋಟದಲ್ಲಿ ಕೆಂಪು ಚಹಾ. ಹಾಲಿಲ್ಲ. ಸಕ್ಕರೆ ಕಲಸಿಯೂ ಇಲ್ಲ. ‘ಗಂದ್’ ಅನ್ನುವ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಅದರ ಮೂಲಕ ಚಹಾ ಹೀರಬೇಕು. ಮೊದಲ ಗುಟುಕಿಗೇ ತುಂಡು ಕರಗಿಹೋದರೆ ಬೇಜಾರು ಬೇಡ, ಇನ್ನೊಂದು ಹಾಕಿಕೊಳ್ಳಿ. ಹಣ್ಣಿನ ತಟ್ಟೆಯಲ್ಲಿ ಕಿತ್ತಳೆ, ಸೇಬಿನ ಜೊತೆ ಎಳೆ ಸೌತೆಕಾಯಿಯೂ ಇರುತ್ತದೆ. ಅದು ಸಲಾಡಿಗಲ್ಲ. ಉಪ್ಪು ಹಚ್ಚಿಕೊಂಡು ಹಣ್ಣಿನ ಹಾಗೇ ತಿನ್ನುತ್ತಾರೆ.

ಹೊರಡುವಾಗ ‘ದಸ್ತೆ ಶೊಮಾ ದರ್ದ್ ನಕೊನೆ’ ಅನ್ನಿ. ನಿಮ್ಮ ಕೈ ನೋಯದಿರಲಿ ಅಂತ ಅರ್ಥ. ನಮ್ಮ ‘ದಸ್ತಗಿರಿ’ಯ ದಸ್ತು, ‘ನನಗೇನು ದರ್ದು’ ಅನ್ನುವಾಗಿನ ದರ್ದು, ಎರಡೂ ಅದರಲ್ಲಿವೆ. ಹಾಗಾಗಿ ಬಾಯಿಪಾಠ ಸುಲಭ. ‘ನಿಮ್ಮ ತಲೆ ನೋಯದಿರಲಿ’ ಅಂತ ಅವರು ತಿರುಗಿ ಹೇಳುತ್ತಾರೆ. ಹೇಳಿ, ಇನ್ನೊಂದು ಲೋಟ ಚಹಾ ಬಗ್ಗಿಸುತ್ತಾರೆ.