ಕಣೇಕಲ್ಲಿನ ನೀರು, ಹಾವೇರಿಯ ಮಣ್ಣು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ಹೊಳೆಯ ಪಾಲಾಗುತ್ತಿದ್ದ ಆ ವಾರ, ಅದರ ಕಾಲುವೆಗಳನ್ನು ನಂಬಿದ ಆಂಧ್ರದ ರಾಯದುರ್ಗ, ಕಣೇಕಲ್ಲು, ಬೊಮ್ಮನಹಾಳ, ಆಲೂರು, ಆದೋನಿ ಸೀಮೆಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ತಡೆಹಲಗೆಗಳನ್ನು ಇಳಿಸಿ ಸೋರಿಕೆಯನ್ನು ನಿಲ್ಲಿಸಿದ ತಂತ್ರಜ್ಞರ ಕೆಲಸ ಮೆಚ್ಚುವಂಥದ್ದು. ಉಳಿದ ಗೇಟುಗಳೂ ಅಷ್ಟೇ ಹಳೆಯವಾದ್ದರಿಂದ ಮರುವರ್ಷ ಸಂಗ್ರಹವನ್ನು 80 ಟಿಎಂಸಿಯ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಆಸುಪಾಸಿಗೆ ಮಿತಿಗೊಳಿಸಲಾಯಿತು. ಸುಮಾರು 25 ಟಿಎಂಸಿ ಕೈತಪ್ಪಿತೆಂದು ಅಚ್ಚುಕಟ್ಟಿನ ರೈತರು ಕಳವಳಗೊಂಡದ್ದು ನ್ಯಾಯವೇ. ಆದರೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಸಂಗ್ರಹವನ್ನು ನಾವು ಈಗಾಗಲೇ ಶಾಶ್ವತವಾಗಿ ಕಳೆದುಕೊಂಡಿದ್ದೇವೆ. 1953ರಲ್ಲಿ ಅಣೆಕಟ್ಟು ಮುಗಿದಾಗ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ; ಇಂದು ಲೆಕ್ಕಕ್ಕೆ ಹಿಡಿಯುವುದು 105.79 ಟಿಎಂಸಿ. ನಡುವಿನ 27 ಟಿಎಂಸಿಯಷ್ಟು ಜಾಗವನ್ನು ಹೂಳು ಹಿಡಿದುಕೊಂಡಿದೆ. ಅದು ಒಂದು ರಾತ್ರಿಯಲ್ಲಿ ಆದ ನಷ್ಟವಲ್ಲವಾದ್ದರಿಂದ ಯಾರೂ ಅಣೆಕಟ್ಟಿನ ಬಳಿಗೆ ಓಡಲಿಲ್ಲ.

ಇಷ್ಟು ಮಣ್ಣು ಎಲ್ಲಿಂದ ಬಂತು? ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. 27 ಟಿಎಂಸಿಗೆ ಹತ್ತಿರಹತ್ತಿರ 75 ಕೋಟಿ ಘನ ಮೀಟರ್. ಅಣೆಕಟ್ಟಿನ ಮೇಲ್ಭಾಗದ ಜಲಾನಯನ ಪ್ರದೇಶದ ವಿಸ್ತೀರ್ಣ ಸುಮಾರು 28,000 ಚದರ ಕಿಲೋಮೀಟರ್. ಆ ಹೂಳನ್ನೆಲ್ಲ ತಿರುಗಿ ಅದೇ ನೆಲದ ಮೇಲೆ ಸಮನಾಗಿ ಹರಡಿದರೆ ಅದರ ದಪ್ಪ ಮೂರು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಎರಡು ತಲೆಮಾರಿನ ಅವಧಿಯಲ್ಲಿ ಹೊಲದ ಮೇಲ್ಮಣ್ಣು ಹೆಬ್ಬೆರಳಿನ ಅಗಲದಷ್ಟು ಸವೆದರೆ ಅಲ್ಲಿನ ಒಕ್ಕಲಿಗನ ಕಣ್ಣಿಗೆ ಅದು ಬೀಳುವುದೂ ಕಷ್ಟ; ಆದರೆ ಅದೇ ಸವಕಳಿ ಒಂದೆಡೆ ಕೂಡಿಬಿದ್ದಾಗ ದೊಡ್ಡ ಜಲಾಶಯದ ಐದನೆಯ ಒಂದು ಪಾಲನ್ನು ನುಂಗುತ್ತದೆ. ಜೊತೆಗೆ ಕಿತ್ತುಬಂದ ಮಣ್ಣೆಲ್ಲವೂ ಜಲಾಶಯವನ್ನು ತಲುಪುವುದಿಲ್ಲ. ಹಳ್ಳದ ಮಗ್ಗುಲಲ್ಲಿ, ಊರ ಕೆರೆಗಳಲ್ಲಿ, ಹೊಲದ ತಗ್ಗುಗಳಲ್ಲಿ ಬಹುಪಾಲು ಉಳಿದುಬಿಡುತ್ತದೆ. ಹಾಗಾಗಿ ನಿಜವಾದ ಸವಕಳಿ ಈ ಲೆಕ್ಕಕ್ಕಿಂತ ದೊಡ್ಡದು.

ಹೂಳು ಕೂರುವ ಬಗೆಯನ್ನು ತಿಳಿಯಬೇಕಾದರೆ ಕಡುಬೇಸಿಗೆಯಲ್ಲಿ ಜಲಾಶಯದ ಹಿನ್ನೀರಿನ ಅಂಚಿಗೆ ಹೋಗಬೇಕು. ನೀರು ಹಿಂದೆ ಸರಿದ ನೆಲ ಬಿಸಿಲಿಗೆ ಬಿರಿದು ಹೆಂಟೆಹೆಂಟೆಯಾಗಿ ನಿಂತಿರುತ್ತದೆ. ಅಂಥ ಒಂದು ಹೆಂಟೆಯನ್ನು ಎಬ್ಬಿಸಿ ಅದರ ಬದಿಯನ್ನು ನೋಡಿದರೆ ಅಡಿಯಲ್ಲಿ ಬೆರಳಿಗೆ ತರಿತರಿಯಾಗಿ ತಾಗುವ ಮರಳಿನ ಪದರ, ಅದರ ಮೇಲೆ ಬರಬರುತ್ತ ನುಣುಪಾಗುವ ಜೇಡಿಯ ಪದರ ಕಾಣುತ್ತದೆ. ಪ್ರವಾಹ ಏರುವಾಗ ದಪ್ಪ ಕಣಗಳು, ನೀರು ತಿಳಿಯಾಗುವಾಗ ಸಣ್ಣ ಕಣಗಳು ಇಳಿದ ಗುರುತು ಅದು. ನೀರಿನಲ್ಲಿ ಕಣ ಮುಳುಗುವ ವೇಗ ಅದರ ಗಾತ್ರವನ್ನು ಬಹಳ ಬಿಗಿಯಾಗಿ ಅವಲಂಬಿಸಿದೆ: ನುಣ್ಣನೆಯ ಕಣಗಳಲ್ಲಿ ವ್ಯಾಸ ಅರ್ಧವಾದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಸಾಮಾನ್ಯ ಮರಳಿನ ಕಣ ಹತ್ತು ಮೀಟರ್ ಆಳವನ್ನು ಹತ್ತು ನಿಮಿಷದೊಳಗೆ ದಾಟಿ ತಳ ಸೇರುತ್ತದೆ. ಜೇಡಿಯ ಕಣ ನಿಂತ ನೀರಿನಲ್ಲೂ ಇಡೀ ದಿನಕ್ಕೆ ಒಂದಡಿಯಷ್ಟು ಮಾತ್ರ ಇಳಿಯುತ್ತದೆ. ಆದ್ದರಿಂದ ನದಿ ಜಲಾಶಯವನ್ನು ಹೊಕ್ಕು ವೇಗ ಕಳೆದುಕೊಂಡ ಕೂಡಲೇ ಮರಳು ಅಲ್ಲೇ ಬಿದ್ದು ದಿಬ್ಬವಾಗುತ್ತದೆ, ಜೇಡಿ ಮಾತ್ರ ಅಣೆಕಟ್ಟಿನ ಬುಡದವರೆಗೂ ತೇಲಿಬರುತ್ತದೆ.

ಜಲಾಶಯದ ಅಡಿಭಾಗವನ್ನು ‘ನಿರ್ಜೀವ ಸಂಗ್ರಹ’ ಎಂದು ಹೂಳಿಗಾಗಿಯೇ ಬಿಟ್ಟಿರುತ್ತಾರೆ, ಮೊದಲು ಅದು ತುಂಬುತ್ತದೆ, ಬಳಕೆಯ ನೀರಿಗೆ ಅಷ್ಟು ವರ್ಷ ತೊಂದರೆಯಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಮೇಲೆ ಹೇಳಿದ ಕಾರಣದಿಂದಲೇ ಆ ನಂಬಿಕೆ ನಿಲ್ಲುವುದಿಲ್ಲ. ಮರಳು ಮತ್ತು ಒರಟು ಹೂಳು ಹಿನ್ನೀರಿನ ಬಾಯಲ್ಲಿ, ಅಂದರೆ ನಾವು ಬಳಸುವ ನೀರು ನಿಲ್ಲುವ ಜಾಗದಲ್ಲೇ ಕೂರುತ್ತದೆ. ಹೂಳು ತಳ ಸೇರುವ ಕಸ ಎಂದು ತಿಳಿದವರು ಇದನ್ನು ಮನಗಾಣಬೇಕು.

ಈ ನಷ್ಟ ರೈತನ ಮನೆಗೆ ಬರುವುದು ಎರಡನೆಯ ಬೆಳೆಯ ಮೂಲಕ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಹಂಚಿಕೆಯಲ್ಲಿ ಆಂಧ್ರದ ಮೇಲ್ಮಟ್ಟದ ಕಾಲುವೆಗೆ 32.5 ಟಿಎಂಸಿ, ಕೆಳಮಟ್ಟದ ಕಾಲುವೆಗೆ 24 ಟಿಎಂಸಿ ನಿಗದಿಯಾಗಿದೆ. ಒಳ್ಳೆಯ ಮುಂಗಾರಿನಲ್ಲಿ ಜುಲೈ–ಆಗಸ್ಟ್ ತಿಂಗಳ ನೀರಿಗೆ ಕೊರತೆಯಿಲ್ಲ; ಹಿಡಿದಿಡಲಾಗದೆ ಅದು ಗೇಟುಗಳಿಂದ ಹೊರಗೆ ಹೋಗುತ್ತದೆ. ಮಳೆ ನಿಂತ ಮೇಲೆ, ಡಿಸೆಂಬರಿನಿಂದಾಚೆ ಬೇಕಾಗುವ ನೀರು ಮಾತ್ರ ಜಲಾಶಯ ಹಿಡಿದಿಟ್ಟದ್ದೇ ಆಗಿರಬೇಕು. ಕುಗ್ಗಿದ 27 ಟಿಎಂಸಿ ನೇರವಾಗಿ ಆ ಪಾಲಿನಿಂದ ಕಡಿತವಾಗುತ್ತದೆ, ಕಡಿತದ ಭಾರ ಕಾಲುವೆಯ ಕೊನೆಯಂಚಿನವನ ಮೇಲೆ ಬೀಳುತ್ತದೆ. ಹೂಳು ತುಂಬಿದ ಜಲಾಶಯದಲ್ಲಿ ಇನ್ನೊಂದು ನಷ್ಟವೂ ಇದೆ: ಆಳ ಕಡಿಮೆಯಾದರೂ ನೀರಿನ ಹರವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಜಲಾಶಯ ತುಂಬಿದಾಗ ಹರವು ಸುಮಾರು 378 ಚದರ ಕಿಲೋಮೀಟರ್. ಅಲ್ಲಿಂದ ಒಂದೇ ಒಂದು ಸೆಂಟಿಮೀಟರ್ ಆವಿಯಾದರೆ 0.13 ಟಿಎಂಸಿ ಹೋದಂತೆ. ಕಡಿಮೆ ನೀರನ್ನು ಅಷ್ಟೇ ಬಿಸಿಲಿಗೆ ಹರಡಿಟ್ಟರೆ ಆವಿಯ ಪಾಲು ಹೆಚ್ಚುತ್ತದೆ.

ಹೂಳೆತ್ತಬಾರದೇಕೆ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ನಮ್ಮ ಸೀಮೆಯಲ್ಲಿ ಬೇಸಿಗೆಗೆ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆಯುವುದು ಹಳೆಯ ವಾಡಿಕೆ; ಮಸಾರಿ (ಕೆಂಪುಮಣ್ಣಿನ) ಹೊಲಕ್ಕೆ ನಾಲ್ಕು ಟ್ರಾಕ್ಟರ್ ಗೋಡು ಬಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತದೆ, ಕೆರೆಯೂ ಹಗುರಾಗುತ್ತದೆ. ಊರ ಕೆರೆಗೆ ಇದಕ್ಕಿಂತ ಉತ್ತಮ ವಿಧಾನವಿಲ್ಲ. ಆದರೆ ತುಂಗಭದ್ರೆಯ ಹೂಳನ್ನು ಹತ್ತು ಘನ ಮೀಟರಿನ ಟಿಪ್ಪರುಗಳಲ್ಲಿ ಎತ್ತಿದರೆ ಏಳೂವರೆ ಕೋಟಿ ಲೋಡುಗಳಾಗುತ್ತವೆ. ದಿನಕ್ಕೆ ಎರಡು ಸಾವಿರ ಲೋಡಿನಂತೆ ವರ್ಷವಿಡೀ ಬಿಡುವಿಲ್ಲದೆ ಸಾಗಿಸಿದರೂ ನೂರು ವರ್ಷ ಸಾಲದು, ಆ ನೂರು ವರ್ಷದಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ. ಕಳೆದ ಸಂಗ್ರಹಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿದ್ದೂ ಈ ಲೆಕ್ಕದಿಂದಲೇ.

ಕೆಸರು ನೀರನ್ನು ನಿಲ್ಲಲು ಬಿಡದೆ ಸಾಗಹಾಕಿ, ತಿಳಿನೀರನ್ನು ಮಾತ್ರ ಹಿಡಿಯುವ ಮತ್ತೊಂದು ದಾರಿ ಇದೆ. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟು 1960ರಲ್ಲಿ ನೀರು ಹಿಡಿಯತೊಡಗಿದ ಕೆಲವೇ ವರ್ಷಗಳಲ್ಲಿ ಹೂಳಿನಿಂದ ಹದಗೆಟ್ಟಾಗ ಅಲ್ಲಿನವರು ಹೊಸ ಸುರಂಗಗಳನ್ನು ಕೊರೆದು, ತಳದ ಕಿಂಡಿಗಳನ್ನು ಮತ್ತೆ ತೆರೆದು ಈ ಕ್ರಮಕ್ಕೆ ಹೊರಳಿದರು. ತುಂಗಭದ್ರೆಯ ಮುಖ್ಯ ಗೇಟುಗಳು ಅಣೆಕಟ್ಟಿನ ನೆತ್ತಿಯಲ್ಲಿವೆ. ಹೂಳು ತೊಳೆಯಲೆಂದು ಕಟ್ಟಿದವಲ್ಲ. ಜೂನ್ ತಿಂಗಳಲ್ಲಿ ಸಸಿಮಡಿಗೆ ನೀರು ಕಾಯುತ್ತಿರುವ ರೈತನೆದುರು ಮೊದಲ ನೀರನ್ನು ಹೊಳೆಗೆ ಬಿಡುವುದೂ ಸುಲಭವಲ್ಲ.

ಉಳಿಯುವುದು ಮಣ್ಣು ಹೊರಡುವ ಜಾಗ. ದಪ್ಪ ಮಳೆಹನಿ ಗಂಟೆಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬರಿನೆಲಕ್ಕೆ ಅಪ್ಪಳಿಸಿ ಮಣ್ಣಿನ ಕಣಗಳನ್ನು ಬಿಡಿಸುತ್ತದೆ. ಇಳಿಜಾರಿನಲ್ಲಿ ಓಡುವ ನೀರು ಅವನ್ನು ಹೊತ್ತೊಯ್ಯುತ್ತದೆ. ಮಲೆನಾಡಿನ ಕಾಡಿನಲ್ಲಿ ಎಲೆ, ತರಗು, ಬೇರು ಈ ಪೆಟ್ಟನ್ನು ತಡೆಯುತ್ತವೆ. ಭದ್ರಾ ಹೊಳೆಯಲ್ಲಿ ಬರುವ ಮಣ್ಣಿನ ಬಹುಪಾಲು ಲಕ್ಕವಳ್ಳಿಯ ದೊಡ್ಡ ಜಲಾಶಯದಲ್ಲೇ ತಂಗುತ್ತದೆ; 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಗಣಿ ನಿಲ್ಲುವವರೆಗೆ ಅಲ್ಲಿನ ಕೆಮ್ಮಣ್ಣೂ ಅದೇ ಹೊಳೆಗೆ ಇಳಿಯುತ್ತಿತ್ತು. ಶಿವಮೊಗ್ಗ, ದಾವಣಗೆರೆ, ಹಾವೇರಿಯ ಬಯಲುಸೀಮೆಯ ಹೊಲಗಳ ಸಂಗತಿ ಬೇರೆ. ಮೆಕ್ಕೆಜೋಳಕ್ಕೆ ಉತ್ತು ಹದಮಾಡಿದ ನೆಲ, ಪೈರು ನೆಲ ಮುಚ್ಚುವ ಮುನ್ನ, ಮೇ–ಜೂನ್ ತಿಂಗಳ ಬಿರುಮಳೆಗೆ ತೆರೆದುಕೊಂಡಿರುತ್ತದೆ. ವರ್ಷದ ಹೂಳಿನ ದೊಡ್ಡ ಪಾಲು ಹೀಗೆ ಬೆರಳೆಣಿಕೆಯ ದಿನಗಳಲ್ಲಿ ಸಾಗಿಬಿಡುತ್ತದೆ. ಆ ಮಣ್ಣಿನೊಂದಿಗೆ ಗೊಬ್ಬರದ ರಂಜಕವೂ (ಫಾಸ್ಫರಸ್) ಜೇಡಿಗೆ ಅಂಟಿಕೊಂಡು ಬರುತ್ತದೆ. ನಿಂತ ನೀರು ಹಸಿರುಗಟ್ಟಲು ಅದೇ ಆಹಾರ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಬದುಗಳನ್ನು ಉಳಿಸಿಕೊಳ್ಳುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಹಳ್ಳದ ಅಂಚನ್ನು ಉಳದೆ ಬಿಡುವುದು ಇವೆಲ್ಲ ಹಳೆಯ ವಿದ್ಯೆಗಳು; ಮಣ್ಣನ್ನು ಹೊಲದಲ್ಲೇ ನಿಲ್ಲಿಸುವುದು ಹಳ್ಳದಲ್ಲಿ ಚೆಕ್‌ಡ್ಯಾಂ ಕಟ್ಟಿ ಹಿಡಿಯುವುದಕ್ಕಿಂತ ಮೇಲು, ಏಕೆಂದರೆ ಸಣ್ಣ ಚೆಕ್‌ಡ್ಯಾಂ ಕೆಲವೇ ಮಳೆಗಾಲಗಳಲ್ಲಿ ತುಂಬಿ ತನ್ನ ಕೆಲಸ ಮುಗಿಸುತ್ತದೆ.

ಆದರೆ ಜಲಾನಯನದಲ್ಲಿ ಮಾಡಿದ ಕೆಲಸವೆಲ್ಲ ಕೆಳಗಿನ ಜಲಾಶಯಕ್ಕೆ ಒಳ್ಳೆಯದೇ ಎನ್ನುವಂತಿಲ್ಲ. ಇದಕ್ಕೆ ಸಾಕ್ಷಿ ನಮ್ಮ ವೇದಾವತಿ, ಅಂದರೆ ಹಗರಿ ನದಿ. ಹಿರಿಯೂರಿನ ಬಳಿ ಅದಕ್ಕೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ತುಂಬಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಅದರ ಕೆಳಗೆ, ಗಡಿ ದಾಟಿದೊಡನೆ ಗುಮ್ಮಗಟ್ಟ ಮಂಡಲದಲ್ಲಿರುವ ಭೈರವಾನಿತಿಪ್ಪ ಜಲಾಶಯ ನೀರಿಗಾಗಿ ಕಾಯುವುದೇ ವಾಡಿಕೆ. ಅನಂತಪುರ ಸೀಮೆಯ ವಾರ್ಷಿಕ ಮಳೆ 550 ಮಿಲಿಮೀಟರಿನ ಆಸುಪಾಸು. ಇಂಥ ನಾಡಿನಲ್ಲಿ ಸಣ್ಣ ಮಳೆಯನ್ನು ನೆಲವೇ ಕುಡಿಯುತ್ತದೆ. ಹಳ್ಳ ಹರಿಯುವುದು ದೊಡ್ಡ ಮಳೆಗೆ ಮಾತ್ರ. ಮೇಲ್ಗಡೆ ಪ್ರತಿ ಹಳ್ಳಕ್ಕೂ ಒಡ್ಡು, ಪ್ರತಿ ಹೊಲಕ್ಕೂ ಹೊಂಡ ಬಂದರೆ ಆ ಹರಿವು ಅಲ್ಲೇ ನಿಲ್ಲುತ್ತದೆ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದರೆ ನದಿಯ ಮರಳೇ ಬಂದ ನೀರನ್ನು ಹೀರಿಕೊಳ್ಳುತ್ತದೆ. ಮೇಲಿನವರು ನೀರನ್ನು ಪೋಲು ಮಾಡಿದರೆಂದು ಇದರರ್ಥವಲ್ಲ. ಅವರ ಬಾವಿಗಳಿಗೆ ಅದು ಜೀವ ಕೊಟ್ಟಿದೆ. ಆದರೆ ಒಂದೇ ನೀರನ್ನು ಎರಡು ಕಡೆ ಲೆಕ್ಕ ಹಾಕಲಾಗದು, ಮೇಲೆ ಒಡ್ಡು ಹಾಕುವಾಗ ಕೆಳಗಿನ ಜಲಾಶಯದ ಹೆಸರು ಆ ಯೋಜನೆಯ ಕಾಗದದಲ್ಲಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ.

ಹರಿವು ನಿಂತ ಹೊಳೆ ಏನಾಗುತ್ತದೆಂಬುದನ್ನು ಬೊಮ್ಮನಹಾಳ, ಕಣೇಕಲ್ಲು ಮಂಡಲಗಳ ಹಗರಿ ದಂಡೆಯ ಊರುಗಳಲ್ಲಿ ಕಾಣಬಹುದು. ಆಷಾಢದ ಗಾಳಿ ಒಣಗಿದ ಪಾತ್ರದ ಮರಳನ್ನು ಎಬ್ಬಿಸಿ ಹೊಲಗಳ ಮೇಲೆ ಸುರಿಯುತ್ತದೆ. ಅಲ್ಲಿ ಮರಳ ದಿನ್ನೆಗಳು ನಿಂತಿವೆ, ಉಳುವ ನೆಲ ಅವುಗಳಡಿ ಹೂತಿದೆ. ಮರಳನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಪಾತ್ರದ ತೇವ ಮತ್ತು ದಂಡೆಯ ಗಿಡಗಂಟಿ. ಎರಡೂ ಹರಿವಿನ ಕೊಡುಗೆ. ಜಲಾಶಯದಲ್ಲಿ ಮಣ್ಣು ಮಿತಿಮೀರಿದ್ದಕ್ಕೂ ಹಗರಿಯಲ್ಲಿ ನೀರು ಬತ್ತಿದ್ದಕ್ಕೂ ಕಾರಣ ನೂರಾರು ಕಿಲೋಮೀಟರ್ ಮೇಲಿನ ಇಳಿಜಾರುಗಳಲ್ಲಿ ಹೊಲ, ಹಳ್ಳ, ಕಾಡುಗಳನ್ನು ನಾವು ನಡೆಸಿಕೊಂಡ ರೀತಿ.

ತುಂಗಭದ್ರಾ ಮಂಡಳಿಯ ಕೈಯಲ್ಲಿರುವುದು ಅಣೆಕಟ್ಟು, ಜಲಾಶಯ ಮತ್ತು ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳಿಗೆ ಸೇರಿದ ಕಾಲುವೆಗಳು. ಮಣ್ಣು ಹೊರಡುವ ಹೊಲಗಳು ಅದರ ವ್ಯಾಪ್ತಿಗೆ ಹೊರಗಿವೆ. ಕಣೇಕಲ್ಲಿನ ಕೆರೆಗೆ ನೀರು ಕೊಡುವ ಕಾಲುವೆಯ ನೀರಗಂಟಿಗೂ ಹಾವೇರಿಯ ಹೊಲದ ಬದುವಿಗೂ ಇರುವ ನಂಟನ್ನು ಯಾವ ಕಚೇರಿಯೂ ದಾಖಲಿಸುವುದಿಲ್ಲ. ನೀರಿನ ಪಾಲಿಗೆ ರಾಜ್ಯಗಳು ಒಂದೇ ಮೇಜಿನ ಸುತ್ತ ಕೂರುವಂತೆ ಮಣ್ಣಿನ ಲೆಕ್ಕಕ್ಕೂ ಕೂರಬೇಕು. ಕಾಲುವೆಯ ದುರಸ್ತಿಗೆ ಎರಡೂ ಕಡೆಯವರು ಹಣ ಕೊಡುವಂತೆ ಮೇಲ್ಗಡೆಯ ಬದು, ಹುಲ್ಲು, ಹಳ್ಳದಂಚಿನ ಮರಗಳಿಗೂ ಕೊಡಬೇಕು. ಅದಕ್ಕೆ ಮೊದಲು ಯಾವ ಉಪನದಿ ಎಷ್ಟು ಹೂಳು ತರುತ್ತದೆಂದು ಬೇರೆಬೇರೆಯಾಗಿ ಅಳೆದು, ಆ ಅಂಕಿಗಳನ್ನು ಜಲಾಶಯದ ದಿನದ ಮಟ್ಟವನ್ನು ಪ್ರಕಟಿಸುವಂತೆಯೇ ಎಲ್ಲರೂ ನೋಡುವ ಕಡೆ ಪ್ರಕಟಿಸಬೇಕು. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದ ಬಳಿ ಆ ಅಳತೆ ಆರಂಭವಾಗುವುದು ಸೂಕ್ತ, ಅದೂ ಜೂನ್ ತಿಂಗಳ ಮೊದಲ ಕೆಂಪುನೀರು ಇಳಿಯುವುದಕ್ಕೆ ಮುಂಚೆಯೇ.